ದವಡೆಯಿಲ್ಲದ ಮೀನಿನ ಸರಿಯಾದ ಹೆಸರು ಯಾವುದು? ಅಗ್ನಾಥ, ಸೈಕ್ಲೋಸ್ಟೊಮಾಟ, ಆಸ್ಟ್ರಕೋಡರ್ಮ್: ಮೂರೂ ಒಂದೇನಾ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಫಸ್ಟ್ ಪಿಯುಸಿ. ನಾನು ಓದಿದ್ದು ಬಿಕಾಂ. ಜೀವಶಾಸ್ತ್ರದಲ್ಲಿ ನಾನು ಮಾಡುವ ಸಹಾಯ ಅಂದರೆ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ಅವಳು ಒಪ್ಪಿಸುವುದು, ಅಷ್ಟೇ.

ನಿನ್ನೆ ರಾತ್ರಿ ಒಂದು ಪ್ರಶ್ನೆ ಬಂತು. ದವಡೆಯಿಲ್ಲದ ಆದಿಕಾಲದ ಮೀನುಗಳ ವೈಜ್ಞಾನಿಕ ಹೆಸರೇನು? ಅವಳು "ಅಗ್ನಾಥ" ಅಂದಳು. ಗೈಡ್‌ನಲ್ಲಿ "ಸೈಕ್ಲೋಸ್ಟೊಮಾಟ" ಅಂತ ಇದೆ. ಟ್ಯೂಷನ್ ನೋಟ್ಸ್‌ನಲ್ಲಿ "ಆಸ್ಟ್ರಕೋಡರ್ಮ್" ಅಂತ ಬರೆಸಿದ್ದಾರೆ. ಮೂರೂ ಒಂದೇನಾ? ಅಲ್ಲ ಅಂದರೆ ಯಾವುದನ್ನು ಬರೆಯಬೇಕು?

ಮಲಗುವ ಮುಂಚೆ ಇನ್ನೊಂದು ಕೇಳಿದಳು. "ಅಮ್ಮಾ, ದವಡೆನೇ ಇಲ್ಲ ಅಂದಮೇಲೆ ಅದು ತಿನ್ನೋದು ಹೇಗೆ?" ಅದಕ್ಕೂ ಯಾರಾದರೂ ಉತ್ತರ ಹೇಳಿ.

ಝೂಆಲಜಿ ಮೇಷ್ಟ್ರು

ನಿಮ್ಮ ಮಗಳು ಹೇಳಿದ್ದು ಸರಿ, ಅಮ್ಮ. ಪ್ರಶ್ನೆ ನೀವು ಬರೆದ ಹಾಗೇ ಇದ್ದರೆ ಉತ್ತರ ಅಗ್ನಾಥ. ಉಳಿದ ಎರಡು ಹೆಸರುಗಳೂ ಸುಳ್ಳಲ್ಲ. ಅವು ಅಗ್ನಾಥದ ಒಳಗೆ ಬರುವ ಎರಡು ಬೇರೆ ಬೇರೆ ಗುಂಪುಗಳು.

ಹೆಸರನ್ನು ಬಿಡಿಸಿ ನೋಡಿದರೆ ಮರೆಯುವುದಿಲ್ಲ. ಕಿವಿಗೆ ಜಗನ್ನಾಥನ ಥರ ಕೇಳಿಸುತ್ತದೆ, ಆದರೆ ಇದರಲ್ಲಿ "ನಾಥ" ಇಲ್ಲ. ಗ್ರೀಕಿನಲ್ಲಿ "ಗ್ನಾಥೋಸ್" ಅಂದರೆ ದವಡೆ. ಮುಂದಿನ "ಅ" ನಮ್ಮ ಅಶಕ್ತ, ಅಜ್ಞಾನದಲ್ಲಿರುವ ಅ ಥರವೇ. ಇಲ್ಲ ಅಂತ ಅರ್ಥ. ನಾನು ಕ್ಲಾಸಿನಲ್ಲಿ ಹನುಮಂತನ ಹೆಸರು ಹಿಡಿದು ಹೇಳುತ್ತಿದ್ದೆ. "ಹನು" ಅಂದರೆ ದವಡೆ. ಇಂದ್ರನ ಏಟು ಬಿದ್ದಿದ್ದು ಅಲ್ಲಿಗೇ ಅಲ್ವಾ? ಹನು ಇಲ್ಲದ್ದು ಅಗ್ನಾಥ. ಈ ಹೆಸರನ್ನು 1889ರಲ್ಲಿ ಇಟ್ಟವರು ಅಮೆರಿಕದ ಎಡ್ವರ್ಡ್ ಡ್ರಿಂಕರ್ ಕೋಪ್.

ಸೈಕ್ಲೋಸ್ಟೊಮಾಟ ಅಂದರೆ ದುಂಡುಬಾಯಿಯವು. ಇದು ಅದಕ್ಕಿಂತ ಹಳೆಯ ಹೆಸರು, 1806ರಲ್ಲಿ ಫ್ರಾನ್ಸಿನ ದ್ಯುಮೆರಿಲ್ ಬಳಸಿದ್ದು. ಇವತ್ತು ಬದುಕಿರುವ ಎರಡೇ ಬಗೆಗೆ ಈ ಹೆಸರು: ಲ್ಯಾಂಪ್ರಿ ಮತ್ತು ಹ್ಯಾಗ್‌ಫಿಶ್. ಪುಸ್ತಕದ ಪೆಟ್ರೊಮೈಜಾನ್ ಅಂದರೆ ಲ್ಯಾಂಪ್ರಿ, ಮಿಕ್ಸಿನ್ ಅಂದರೆ ಹ್ಯಾಗ್‌ಫಿಶ್.

ಆಸ್ಟ್ರಕೋಡರ್ಮ್ ಅಂದರೆ ಚಿಪ್ಪಿನ ಚರ್ಮದವು. ತಲೆಯ ಮೇಲೆ ಮೂಳೆಯ ಕವಚ ಹೊತ್ತು ತಿರುಗುತ್ತಿದ್ದ ಮೀನುಗಳು. ಒಂದೂ ಉಳಿದಿಲ್ಲ. ಸುಮಾರು 36 ಕೋಟಿ ವರ್ಷದ ಹಿಂದೆ, ಡೆವೋನಿಯನ್ ಯುಗ ಮುಗಿಯುವ ಹೊತ್ತಿಗೆ ಎಲ್ಲ ಅಳಿದುಹೋದವು.

ಅಂದಮೇಲೆ "ಬದುಕಿರುವ ದವಡೆಯಿಲ್ಲದ ಮೀನು" ಅಂತ ಕೇಳಿದರೆ ಸೈಕ್ಲೋಸ್ಟೊಮಾಟ. "ಕವಚ ಇದ್ದ, ಅಳಿದುಹೋದ" ಅಂದರೆ ಆಸ್ಟ್ರಕೋಡರ್ಮ್. ಏನೂ ಹೇಳದೆ ಸುಮ್ನೆ ದವಡೆಯಿಲ್ಲದ್ದು ಅಂದರೆ ಅಗ್ನಾಥ.

ತಿನ್ನುವುದು ಹೇಗೆ ಅನ್ನುವ ಪ್ರಶ್ನೆ ಹೆಸರಿನ ಪ್ರಶ್ನೆಗಿಂತ ಒಳ್ಳೆಯದು. ಕಣ್ಣಾರೆ ಕಂಡವರು ಇಲ್ಲಿ ಇದ್ದರೆ ಅವರೇ ಹೇಳಲಿ. ನಾನು ನೋಡಿದ್ದೆಲ್ಲ ಫಾರ್ಮಲಿನ್ ಜಾರಿನಲ್ಲಿ.

ಮಿಶಿಗನ್ ಕನ್ನಡತಿ

ನಾನು ಕಂಡಿದ್ದೇನೆ ಸರ್. ಮುಟ್ಟಿದ್ದೇನೆ ಕೂಡ.

ಇಲ್ಲಿ ಬೇಸಿಗೆಯಲ್ಲಿ ಮೀನುಗಾರಿಕೆಯ ಮೇಳಗಳಾಗುತ್ತವೆ. ಒಂದು ಕಡೆ ಗಾಜಿನ ತೊಟ್ಟಿಯಲ್ಲಿ ಲ್ಯಾಂಪ್ರಿ ಇಟ್ಟಿದ್ದರು. ಮೈ ನೋಡಿದರೆ ನಮ್ಮ ಹಾವುಮೀನಿನ ಥರ, ಮೊಳಕ್ಕಿಂತ ಸ್ವಲ್ಪ ಉದ್ದ. ಬೂದುಕಂದು ಬಣ್ಣ, ಹುರುಪೆ ಇಲ್ಲ. ಗಾಜಿಗೆ ಬಾಯಿ ಅಂಟಿಸಿ ನೇತಾಡುತ್ತಿತ್ತು. ಈ ಕಡೆಯಿಂದ ನೋಡಿದರೆ ಬಾಯಿಯ ಒಳಗೆಲ್ಲ ಕಾಣುತ್ತದೆ. ದುಂಡಗಿನ ಬಟ್ಟಲು. ಅದರ ತುಂಬ ಸುತ್ತು ಸುತ್ತಾಗಿ ಅರಿಸಿನ ಬಣ್ಣದ ಚೂಪು ಹಲ್ಲು. ನಡುವೆ ನಾಲಿಗೆ, ಅದರ ಮೇಲೂ ಹಲ್ಲು. ಆ ನಾಲಿಗೆ ಅರದ ಥರ ಹಿಂದೆ ಮುಂದೆ ಉಜ್ಜುತ್ತದೆ. ಮೇಲಿನ ದವಡೆ ಕೆಳಗಿನ ದವಡೆ ಸೇರಿ ಕಚ್ಚುವುದು ಅಂತ ನಾವು ಅಂದುಕೊಳ್ಳುವ ಕೆಲಸ ಅಲ್ಲಿ ಇಲ್ಲವೇ ಇಲ್ಲ. ಅಂಟಿಕೊಳ್ಳುವುದು, ಉಜ್ಜುವುದು, ಹೀರುವುದು. ಹಲ್ಲುಗಳೂ ನಮ್ಮಂಥ ಹಲ್ಲಲ್ಲ, ಉಗುರಿನ ಪದಾರ್ಥ ಅಂತ ಅಲ್ಲಿದ್ದವರು ಹೇಳಿದರು.

ಆ ಹುಡುಗಿ ಅದನ್ನು ಎತ್ತಿ ನನ್ನ ಅಂಗೈಗೆ ಇಟ್ಟಳು. ತಣ್ಣಗಿನ ರಬ್ಬರ್ ಬಟ್ಟಲು ಒತ್ತಿದ ಹಾಗೆ ಪಟ್ಟಂತ ಹಿಡಿಯಿತು. ನೋಯಲಿಲ್ಲ. ನಮ್ಮದು ಬಿಸಿ ರಕ್ತ, ಅದಕ್ಕೆ ಬೇಕಾಗಿರುವುದು ತಣ್ಣನೆ ಮೀನು. ಕಣ್ಣಿನ ಹಿಂದೆ ಸಾಲಾಗಿ ಏಳು ತೂತು. ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ಆಡುತ್ತಿದ್ದವು. ಬೇರೆ ಮೀನು ಬಾಯಿಂದ ನೀರು ತೆಗೆದುಕೊಂಡು ಕಿವಿರಿನಿಂದ ಬಿಡುತ್ತದೆ. ಇದರ ಬಾಯಿ ಸದಾ ಕೆಲಸದಲ್ಲಿ ಇರುತ್ತಲ್ಲ, ಹಾಗಾಗಿ ಅದೇ ಏಳು ತೂತುಗಳಿಂದ ನೀರು ಒಳಗೂ ಹೋಗಬೇಕು, ಹೊರಗೂ ಬರಬೇಕು.

ಜರ್ಮನ್ನರು ಇದನ್ನು "ಒಂಬತ್ತು ಕಣ್ಣು" ಅನ್ನುತ್ತಾರೆ. ಪಕ್ಕದಿಂದ ನೋಡಿದರೆ ಏಳು ತೂತು, ಒಂದು ಕಣ್ಣು, ಮೇಲೆ ಒಂದು ಮೂಗಿನ ತೂತು. ಅವರ ಎಣಿಕೆ ಅದು.

ಮಲ್ಪೆ ದೋಣಿ

ಅಕ್ಕ ಹೇಳಿದ್ದು ಓದಿ ಒಂದು ಅನುಮಾನ. ನಮ್ಮ ಕಡೆ ಬಲೆಗೆ ಬರುವ ಹಾವುಮೀನು ಇದೇ ಜಾತಿಯಾ? ಅದಕ್ಕೂ ಹುರುಪೆ ಕಾಣುವುದಿಲ್ಲ, ಅದೂ ಲೋಳೆ ಲೋಳೆ.

ಝೂಆಲಜಿ ಮೇಷ್ಟ್ರು

ಅಲ್ಲಪ್ಪ. ಹಾವುಮೀನಿನ ಬಾಯಿ ಬಿಡಿಸಿದ್ದೀರಲ್ಲ? ಮೇಲೂ ಕೆಳಗೂ ದವಡೆ ಇದೆ, ಸರಿಯಾಗಿಯೇ ಕಚ್ಚುತ್ತದೆ. ಉದ್ದ ಮೈ ನೋಡಿ ಮೋಸ ಹೋಗಬಾರದು. ವಂಶದ ಲೆಕ್ಕದಲ್ಲಿ ಹಾವುಮೀನು ಬಂಗುಡೆಗೆ ನೆಂಟ, ಲ್ಯಾಂಪ್ರಿಗೆ ಅಲ್ಲ. ಮಲೆನಾಡಿನ ಹಳ್ಳಗಳಲ್ಲಿ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ಗಾರಾ ಮೀನುಗಳನ್ನೂ ಮಕ್ಕಳು ಲ್ಯಾಂಪ್ರಿ ಅಂದುಕೊಳ್ಳುತ್ತಾರೆ. ಅದು ಬರೀ ಕೆಳತುಟಿಯ ಅಂಟುಬಟ್ಟಲು. ಅದು ಕಾರ್ಪ್ ಕುಟುಂಬದ್ದು, ದವಡೆ ಇದ್ದೇ ಇದೆ. ನಮ್ಮ ದೇಶದ ಹೊಳೆಗಳಲ್ಲಿ ಲ್ಯಾಂಪ್ರಿ ಇಲ್ಲ. ಅವಕ್ಕೆ ತಂಪು ನೀರಿನ ಸೀಮೆ ಬೇಕು.

ಮತ್ತೊಮ್ಮೆ ನೀಟ್

ಮೇಷ್ಟ್ರೇ, ನನ್ನದೊಂದು ಜಗಳ ಇದೆ. ಈ ಪಾಠ ನಾನು ಮೂರನೇ ಸಲ ಓದುತ್ತಿದ್ದೇನೆ. ಪುಸ್ತಕದಲ್ಲಿ ಸೈಕ್ಲೋಸ್ಟೊಮಾಟದ ಬದುಕಿರುವ ಎಲ್ಲವೂ ಮೀನುಗಳ ಮೈಮೇಲಿನ ಪರಾವಲಂಬಿಗಳು ಅಂತ ಇದೆ. ಸಮುದ್ರದಲ್ಲಿದ್ದು ಮೊಟ್ಟೆ ಇಡಲು ಸಿಹಿನೀರಿಗೆ ಬರುತ್ತವೆ, ಇಟ್ಟ ಮೇಲೆ ಕೆಲವೇ ದಿನಗಳಲ್ಲಿ ಸಾಯುತ್ತವೆ ಅಂತಲೂ ಇದೆ. ಆಮೇಲೆ ಉದಾಹರಣೆಗೆ ಪೆಟ್ರೊಮೈಜಾನ್, ಮಿಕ್ಸಿನ್ ಎರಡನ್ನೂ ಕೊಟ್ಟಿದ್ದಾರೆ. ಆದರೆ ನಾನು ಬೇರೆ ಕಡೆ ಓದಿದಾಗ ಮಿಕ್ಸಿನ್ ಸಮುದ್ರ ಬಿಟ್ಟು ಬರುವುದೇ ಇಲ್ಲ ಅಂತ ಇತ್ತು. ಯಾವುದು ನಿಜ?

ಝೂಆಲಜಿ ಮೇಷ್ಟ್ರು

ನೀನು ಬೇರೆ ಕಡೆ ಓದಿದ್ದು ನಿಜ, ಮಗು. ಆ ಸಾಲು ನನ್ನನ್ನೂ ಎಷ್ಟೋ ವರ್ಷ ಕಾಡಿದೆ. ಸಮುದ್ರದ ಲ್ಯಾಂಪ್ರಿಯ ಕಥೆಯನ್ನು ತೆಗೆದುಕೊಂಡು ಇಡೀ ಗುಂಪಿನ ಕಥೆ ಅಂತ ಬರೆದಿದ್ದಾರೆ.

ಹ್ಯಾಗ್‌ಫಿಶ್ ಸುಮಾರು 80 ಜಾತಿ ಇವೆ. ಒಂದೂ ಸಿಹಿನೀರಿಗೆ ಬರುವುದಿಲ್ಲ, ಬಂದರೆ ಬದುಕುವುದೂ ಇಲ್ಲ. ಬೆನ್ನುಮೂಳೆಯ ಪ್ರಾಣಿಗಳ ಗುಂಪಿನಲ್ಲಿ ಮೈಯೊಳಗಿನ ಉಪ್ಪನ್ನು ಸಮುದ್ರದ ಉಪ್ಪಿನಷ್ಟೇ ಇಟ್ಟುಕೊಂಡು ಬದುಕುವುದು ಇದೊಂದೇ. ಅದರ ಕೆಲಸ ಪರಾವಲಂಬಿಯದ್ದೂ ಅಲ್ಲ. ಸಮುದ್ರದ ತಳದಲ್ಲಿ ಸತ್ತು ಬಿದ್ದ ತಿಮಿಂಗಿಲ, ಮೀನುಗಳ ಒಳಗೆ ನುಗ್ಗಿ ತಿನ್ನುತ್ತದೆ, ಕೆಸರಿನಲ್ಲಿರುವ ಹುಳಗಳನ್ನೂ ಹಿಡಿಯುತ್ತದೆ.

ಇನ್ನು ಲ್ಯಾಂಪ್ರಿ, ಸುಮಾರು 40 ಜಾತಿ. ಅವುಗಳಲ್ಲೂ ರಕ್ತ ಮಾಂಸ ಹೀರುವವು ಅರ್ಧಕ್ಕಿಂತ ಕಡಿಮೆ. ಉಳಿದವು ಸಣ್ಣ ಹಳ್ಳದ ಲ್ಯಾಂಪ್ರಿಗಳು. ದೊಡ್ಡದಾದ ಮೇಲೆ ಏನನ್ನೂ ತಿನ್ನುವುದೇ ಇಲ್ಲ. ಮೊಟ್ಟೆ ಇಟ್ಟು ಸಾಯುತ್ತವೆ. ಊಟ ಎಲ್ಲ ಮರಿಯಾಗಿದ್ದಾಗ ಮುಗಿದಿರುತ್ತದೆ.

ಆ ಮರಿಯ ಕಥೆ ಹೇಳಲೇಬೇಕು. ಅದಕ್ಕೆ ಅಮ್ಮೊಸೀಟ್ ಅಂತ ಹೆಸರು. ಕಪ್ಪೆಗೆ ಗೊದಮೊಟ್ಟೆ ಇದ್ದ ಹಾಗೆ. ಹಲ್ಲಿಲ್ಲ, ಕಣ್ಣು ಚರ್ಮದ ಕೆಳಗೆ ಮುಚ್ಚಿಕೊಂಡಿರುತ್ತದೆ. ಹೊಳೆಯ ತಳದ ಮೆತ್ತನೆ ಕೆಸರಿನಲ್ಲಿ ಹೂತುಕೊಂಡು, ಬಾಯಿ ಮಾತ್ರ ಹೊರಗಿಟ್ಟು, ನೀರಿನಲ್ಲಿ ಬರುವ ಪಾಚಿ ಕಸವನ್ನು ಸೋಸಿ ತಿನ್ನುತ್ತದೆ. ಹಾಗೆ ಮೂರು, ಐದು, ಏಳು ವರ್ಷ. ಅಪ್ಪ ಅಮ್ಮನಿಗೂ ಮರಿಗೂ ಹೋಲಿಕೆಯೇ ಇಲ್ಲದ್ದರಿಂದ ವಿಜ್ಞಾನಿಗಳು ಅದನ್ನು ಬೇರೆ ಪ್ರಾಣಿ ಅಂದುಕೊಂಡು ಬೇರೆ ಹೆಸರೇ ಇಟ್ಟಿದ್ದರು. 1856ರಲ್ಲಿ ಆಗುಸ್ಟ್ ಮ್ಯುಲರ್ ಅನ್ನುವವರು ಮೊಟ್ಟೆಯಿಂದ ಸಾಕಿ ನೋಡಿ, ಇದು ಲ್ಯಾಂಪ್ರಿಯ ಮರಿ ಅಂತ ತೋರಿಸಿದರು.

ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇದ್ದದ್ದನ್ನೇ ಗುರುತು ಮಾಡು. ನಿನ್ನ ಸೀಟು ಮುಖ್ಯ. ಆದರೆ ತಲೆಯಲ್ಲಿ ನಿಜವನ್ನೇ ಇಟ್ಟುಕೊ.

ಮತ್ತೊಮ್ಮೆ ನೀಟ್

ತಪ್ಪು ಅಂತ ಗೊತ್ತಿದ್ದೂ ಅದನ್ನೇ ಗುರುತು ಮಾಡುವುದು ಕಷ್ಟ ಆಗುತ್ತದೆ ಸರ್. ಮಾಡುತ್ತೇನೆ. ಆದರೆ ಪುಸ್ತಕ ಬರೆಯುವವರು ಆ ಸಾಲಿನಲ್ಲಿ "ಕೆಲವು" ಅಂತ ಒಂದೇ ಪದ ಹಾಕಿದ್ದರೆ ಸಾಕಿತ್ತು.

ಮಿಶಿಗನ್ ಕನ್ನಡತಿ

ಮೇಷ್ಟ್ರು ಆ ಮರಿಯ ವಿಷಯ ತೆಗೆದಿದ್ದು ಒಳ್ಳೆಯದಾಯಿತು. ಇಲ್ಲಿನ ಇಡೀ ಸಮಸ್ಯೆ, ಇಡೀ ಪರಿಹಾರ ಎರಡೂ ಆ ಮರಿಯ ಸುತ್ತಲೇ ಇದೆ.

ಸಮುದ್ರದ ಲ್ಯಾಂಪ್ರಿ ಅಟ್ಲಾಂಟಿಕ್‌ನದ್ದು. ಒಳಗಿನ ದೊಡ್ಡ ಸರೋವರಗಳಿಗೆ ಬರದ ಹಾಗೆ ನಯಾಗರಾ ಜಲಪಾತ ಗೋಡೆಯಂತೆ ನಿಂತಿತ್ತು. ಹಡಗು ಓಡಾಡಲಿ ಅಂತ 1829ರಲ್ಲಿ ವೆಲ್ಯಾಂಡ್ ಕಾಲುವೆ ತೋಡಿ ಜಲಪಾತವನ್ನು ಬಳಸಿ ದಾರಿ ಮಾಡಿದರು. 1919ರಲ್ಲಿ ಆ ಕಾಲುವೆಯನ್ನು ಇನ್ನೂ ಆಳ ಮಾಡಿದರು. 1921ರಲ್ಲಿ ಈರಿ ಸರೋವರದಲ್ಲಿ ಲ್ಯಾಂಪ್ರಿ ಸಿಕ್ಕಿತು. 1938ರ ಹೊತ್ತಿಗೆ ಸುಪೀರಿಯರ್‌ವರೆಗೂ ಹೋಗಿತ್ತು. ಒಂದು ಹೆಣ್ಣು ಲಕ್ಷದವರೆಗೂ ಮೊಟ್ಟೆ ಇಡಬಲ್ಲದು. ಒಂದೊಂದು ಲ್ಯಾಂಪ್ರಿ ತನ್ನ ಹೀರುವ ಕಾಲದಲ್ಲಿ 18 ಕಿಲೋವರೆಗೆ ಮೀನು ಕೊಲ್ಲುತ್ತದೆ.

ಸುಪೀರಿಯರ್, ಹ್ಯೂರನ್, ಮಿಶಿಗನ್ ಸರೋವರಗಳಲ್ಲಿ ಅಮೆರಿಕ, ಕೆನಡಾ ಸೇರಿ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಪೌಂಡ್ ಲೇಕ್ ಟ್ರೌಟ್ ಹಿಡಿಯುತ್ತಿದ್ದರಂತೆ. 1960ರ ದಶಕ ಶುರುವಾಗುವಾಗ ಅದು 3 ಲಕ್ಷ ಪೌಂಡ್‌ಗೆ ಇಳಿದಿತ್ತು. ಮೀನು ನಂಬಿದ ಊರುಗಳು ಹಾಳುಬಿದ್ದವು. ನಮ್ಮ ಪಕ್ಕದ ಮನೆಯ ಅಜ್ಜನ ಅಪ್ಪ ಹ್ಯೂರನ್ ಸರೋವರದಲ್ಲಿ ದೋಣಿ ಇಟ್ಟಿದ್ದವರು. ಬಲೆ ಎತ್ತಿದರೆ ಇದ್ದ ನಾಲ್ಕು ಮೀನಿನ ಮೈಮೇಲೂ ನಾಣ್ಯದಂಥ ಗಾಯ ಇರುತ್ತಿತ್ತು ಅಂತ ಅಜ್ಜ ಹೇಳುತ್ತಾರೆ. ಆಮೇಲೆ ದೋಣಿ ಮಾರಿ ಕಾರ್ಖಾನೆಗೆ ಸೇರಿದರಂತೆ.

1950ರ ದಶಕದಲ್ಲಿ ವಿಜ್ಞಾನಿಗಳು ಸುಮಾರು 6 ಸಾವಿರ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಜಾಡಿಯಲ್ಲಿ ಲ್ಯಾಂಪ್ರಿ ಮರಿ ಮತ್ತು ಬೇರೆ ಮೀನನ್ನು ಒಟ್ಟಿಗೆ ಬಿಟ್ಟು, ಯಾವುದರಿಂದ ಮರಿ ಮಾತ್ರ ಸಾಯುತ್ತದೆ ಅಂತ ನೋಡುವುದು. ಕೊನೆಗೆ ಟಿಎಫ್‌ಎಂ ಅನ್ನುವುದು ಸಿಕ್ಕಿತು. ಬೇರೆ ಮೀನುಗಳ ಮೈ ಅದನ್ನು ಒಡೆದು ಹೊರಹಾಕುತ್ತದೆ, ಲ್ಯಾಂಪ್ರಿ ಮರಿಗೆ ಆ ಶಕ್ತಿ ತೀರಾ ಕಡಿಮೆ. 1958ರಿಂದ ಹೊಳೆಗಳಿಗೆ ಅದನ್ನು ಅಳೆದು ಬಿಡುತ್ತಿದ್ದಾರೆ. ಲ್ಯಾಂಪ್ರಿ ಸಂಖ್ಯೆ ಶೇಕಡಾ 90ರಷ್ಟು ಇಳಿದಿದೆ. ಕೋವಿಡ್ ಕಾಲದಲ್ಲಿ ಎರಡು ವರ್ಷ ಕೆಲಸ ಕಡಿಮೆಯಾಗಿದ್ದಕ್ಕೇ ಮತ್ತೆ ಜಾಸ್ತಿ ಆಗಿದ್ದವು.

ಇದನ್ನೆಲ್ಲ ಬರೆದ ಮೇಲೂ ಒಂದು ಮಾತು ಹೇಳಬೇಕು. ಆ ಪ್ರಾಣಿಯ ಮೇಲೆ ನನಗೆ ಕೋಪ ಇಲ್ಲ. ಅದಕ್ಕೆ ದಾರಿ ತೋಡಿಕೊಟ್ಟವರು ಮನುಷ್ಯರು. ಪಶ್ಚಿಮ ಕರಾವಳಿಯ ಒರೆಗಾನ್‌ನಲ್ಲಿ ಬೇರೆ ಜಾತಿಯ ಲ್ಯಾಂಪ್ರಿ ಇದೆ. ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳಿಗೆ ಅದು ಪವಿತ್ರ ಆಹಾರ. ಅಣೆಕಟ್ಟುಗಳಿಂದ ಅದು ಕಡಿಮೆಯಾಯಿತು ಅಂತ ಅವರು ಅದನ್ನು ಉಳಿಸಲು ಒದ್ದಾಡುತ್ತಿದ್ದಾರೆ. ಒಂದು ದಡದಲ್ಲಿ ಕೊಲ್ಲಲು ಖರ್ಚು, ಇನ್ನೊಂದು ದಡದಲ್ಲಿ ಉಳಿಸಲು.

ದಾವಣಗೆರೆ ಅಮ್ಮ

ಅಕ್ಕಾ, ಇದನ್ನು ಮಗಳಿಗೆ ಓದಿ ಹೇಳಿದೆ. ಊಟ ಬಿಟ್ಟು ಕೇಳುತ್ತಾ ಕೂತಿದ್ದಳು. ಹ್ಯಾಗ್‌ಫಿಶ್ ಬಗ್ಗೆಯೂ ಕೇಳು ಅಂತಿದ್ದಾಳೆ.

ಬೂಸಾನ್‌ನಿಂದ

ಹ್ಯಾಗ್‌ಫಿಶ್ ಬಗ್ಗೆ ನಾನು ಹೇಳುತ್ತೇನೆ. ಕೊರಿಯಾದಲ್ಲಿ ಕೆಲಸ, ಬೂಸಾನ್‌ಗೆ ಬಂದು ನಾಲ್ಕು ವರ್ಷ. ಇಲ್ಲಿನ ಜಗಲ್‌ಚಿ ಮೀನು ಮಾರುಕಟ್ಟೆಯಲ್ಲಿ ಇದನ್ನು ಕೆಂಡದ ಮೇಲೆ, ಇಲ್ಲವೇ ಖಾರದ ಮಸಾಲೆ ಹಾಕಿ ಬಾಣಲೆಯಲ್ಲಿ ಹುರಿದು ಕೊಡುತ್ತಾರೆ. ಮಾರುಕಟ್ಟೆಯಲ್ಲಿ ಜೀವಂತ ಇರುತ್ತದೆ. ನಸುಗೆಂಪು, ಕಣ್ಣು ಇದೆ ಅಂತ ಗೊತ್ತೇ ಆಗುವುದಿಲ್ಲ. ಮೂತಿಯ ಸುತ್ತ ಮೀಸೆಯಂಥ ಎಳೆಗಳು. "ಹಾವುಮೀನಿನ ಚರ್ಮ" ಅಂತ ಮಾರುವ ನುಣುಪಾದ ಪರ್ಸುಗಳೂ ಇದರ ಚರ್ಮದವೇ.

ಒಂದು ದಿನ ಅಂಗಡಿಯ ಅಜ್ಜಿ ತೊಟ್ಟಿಗೆ ಕೈ ಹಾಕಿ ಒಂದನ್ನು ಗಟ್ಟಿಯಾಗಿ ಹಿಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ತೊಟ್ಟಿಯ ನೀರು ನೀರಾಗಿ ಉಳಿಯಲಿಲ್ಲ. ಅಜ್ಜಿ ಕೈ ಎತ್ತಿದಾಗ ಬೆರಳುಗಳ ನಡುವೆ ಲೋಳೆ ತೆರೆಯಂತೆ ಜೋತುಬಿತ್ತು. ಲೋಳೆಸರದ ಲೋಳೆ ನೋಡಿದ್ದೀರಲ್ಲ, ಅದಕ್ಕಿಂತ ತಿಳಿ, ಆದರೆ ಎಳೆದರೆ ಹರಿಯುವುದಿಲ್ಲ. ಒಳಗೆ ರೇಷ್ಮೆಗಿಂತ ಸಣ್ಣ ಎಳೆಗಳಿವೆ. ಒಂದೊಂದು ಎಳೆ ಗೇಣುದ್ದದ ಹತ್ತಿರ ಬರುತ್ತದೆ. ಮೈಯೊಳಗೆ ಅವು ಉಂಡೆ ಸುತ್ತಿಟ್ಟ ದಾರದ ಥರ ಇರುತ್ತವೆ, ನೀರಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತವೆ. ಶಾರ್ಕ್ ಕಚ್ಚಿದರೆ ಅದರ ಕಿವಿರು ಈ ಲೋಳೆಯಿಂದ ಕಟ್ಟಿಕೊಂಡು, ಉಗಿದು ಓಡುತ್ತದೆ.

ತನ್ನ ಮೈಗೇ ಲೋಳೆ ಮೆತ್ತಿದರೆ ಏನು ಮಾಡುತ್ತದೆ ಗೊತ್ತಾ? ಬಾಲದಲ್ಲಿ ಒಂದು ಗಂಟು ಹಾಕಿಕೊಳ್ಳುತ್ತದೆ. ಆ ಗಂಟನ್ನು ತಲೆಯ ಕಡೆಗೆ ಜಾರಿಸುತ್ತದೆ. ಲೋಳೆ ಎಲ್ಲ ಒರೆಸಿಕೊಂಡು ಹೋಗುತ್ತದೆ. ತಿನ್ನುವಾಗಲೂ ಇದೇ ಗಂಟು. ದವಡೆ ಇಲ್ಲದ್ದರಿಂದ ಮಾಂಸ ಕಿತ್ತುಕೊಳ್ಳಲು ಹಿಡಿತ ಬೇಕಲ್ಲ, ಗಂಟನ್ನು ಹೆಣಕ್ಕೆ ಒತ್ತಿಕೊಟ್ಟು ತಲೆ ಹಿಂದಕ್ಕೆ ಎಳೆಯುತ್ತದೆ. ನಿಮ್ಮ ಮಗಳ ಪ್ರಶ್ನೆಗೆ ಇದು ಎರಡನೇ ಉತ್ತರ.

2017ರ ಜುಲೈನಲ್ಲಿ ಒರೆಗಾನ್‌ನ ಹೆದ್ದಾರಿಯಲ್ಲಿ ಒಂದು ಟ್ರಕ್ಕಿನಿಂದ ಸುಮಾರು 3,400 ಕಿಲೋ ಹ್ಯಾಗ್‌ಫಿಶ್ ರಸ್ತೆಗೆ ಚೆಲ್ಲಿತ್ತು. ಕಾರುಗಳೆಲ್ಲ ಲೋಳೆಯಲ್ಲಿ ಮುಳುಗಿದ ಚಿತ್ರ ನೀವು ನೋಡಿರಬಹುದು. ಆ ಮೀನು ಬರುತ್ತಿದ್ದದ್ದು ಇಲ್ಲಿಗೇ, ಕೊರಿಯಾಕ್ಕೆ.

ಕಲ್ಲು ಹುಡುಕುವವಳು

ಭೂವಿಜ್ಞಾನದಲ್ಲಿ ಎಂಎಸ್ಸಿ ಮಾಡಿದ್ದೇನೆ. ಪಳೆಯುಳಿಕೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಹೆಸರಿನ ಗೊಂದಲ ಹುಟ್ಟುವುದೇ ಅಲ್ಲಿ.

ಅಗ್ನಾಥ ಅನ್ನುವ ಹೆಸರು ಏನಿಲ್ಲ ಅಂತ ಹೇಳುತ್ತದೆ. ಯಾರು ಯಾರಿಗೆ ನೆಂಟ ಅಂತ ಹೇಳುವುದಿಲ್ಲ. ಒಂದು ಮನೆತನ ಅಂದುಕೊಳ್ಳಿ. ಅಜ್ಜನಿಗೆ ಇಬ್ಬರು ಮಕ್ಕಳು. ಚಿಕ್ಕ ಮಗನ ವಂಶ ಊರಲ್ಲೇ ಇದೆ. ದೊಡ್ಡ ಮಗನಿಗೆ ಐದು ಗಂಡುಮಕ್ಕಳು, ನಾಲ್ವರು ಊರಲ್ಲಿ ಉಳಿದರು, ಒಬ್ಬ ಬೆಂಗಳೂರಿಗೆ ಹೋದ. ಈಗ "ಊರಲ್ಲಿ ಉಳಿದವರು" ಅಂತ ಒಂದು ಪಟ್ಟಿ ಮಾಡಿದರೆ ಅದು ಸುಳ್ಳಲ್ಲ. ಆದರೆ ಅದು ವಂಶಾವಳಿ ಅಲ್ಲ. ಬೆಂಗಳೂರಿಗೆ ಹೋದವನ ಸ್ವಂತ ಅಣ್ಣತಮ್ಮಂದಿರು ಅವನಿಗೇ ಹತ್ತಿರ, ಚಿಕ್ಕಪ್ಪನ ಮಕ್ಕಳಿಗಲ್ಲ.

ಚಿಕ್ಕಪ್ಪನ ಮಕ್ಕಳು ಲ್ಯಾಂಪ್ರಿ, ಹ್ಯಾಗ್‌ಫಿಶ್. ಊರಲ್ಲಿ ಉಳಿದ ಅಣ್ಣತಮ್ಮಂದಿರು ಕವಚದ ಮೀನುಗಳು. ಬೆಂಗಳೂರಿಗೆ ಹೋದವನು ದವಡೆ ಬಂದ ಮೀನು. ಅವನ ಸಂತಾನದಲ್ಲೇ ಶಾರ್ಕು, ರೋಹು, ಕಪ್ಪೆ, ಕೋಳಿ, ನಾವು ಎಲ್ಲರೂ. ಅಂದರೆ ಕವಚದ ಮೀನಿಗೆ ದವಡೆ ಇರದಿದ್ದರೂ ಅದು ಲ್ಯಾಂಪ್ರಿಗಿಂತ ನಮಗೇ ಹತ್ತಿರದ ನೆಂಟ. ಈಗ ಸಂಶೋಧಕರು ಅಗ್ನಾಥವನ್ನು ಒಂದೇ ಕುಲ ಅಂತ ಒಪ್ಪದಿರುವುದಕ್ಕೆ ಇದೇ ಕಾರಣ. ಮಾತಿನಲ್ಲಿ, ಪಾಠದಲ್ಲಿ ಹೆಸರು ಇನ್ನೂ ಇದೆ, ಇರಲಿ.

ಸ್ವೀಡನ್ನಿನ ಎರಿಕ್ ಸ್ಟೆನ್ಶೋ ಅನ್ನುವವರು ಸ್ಪಿಟ್ಸ್‌ಬರ್ಗೆನ್ ದ್ವೀಪದಿಂದ ತಂದ ಕವಚದ ಮೀನುಗಳ ತಲೆಯನ್ನು ಪದರ ಪದರವಾಗಿ ಉಜ್ಜಿ, ಪ್ರತಿ ಪದರವನ್ನೂ ಚಿತ್ರ ಬರೆದು, ಒಳಗಿನ ಮಿದುಳು, ನರಗಳ ಜಾಗವನ್ನೆಲ್ಲ 1927ರಲ್ಲಿ ಪ್ರಕಟಿಸಿದರು. ಅವರಿಗೆ ಅದು ಲ್ಯಾಂಪ್ರಿಯ ಥರವೇ ಕಂಡಿತು. ಆದರೆ ಆ ಮೀನುಗಳಿಗೆ ತಲೆಯ ಹಿಂದೆ ಜೋಡಿ ಈಜುರೆಕ್ಕೆ ಇತ್ತು. ಲ್ಯಾಂಪ್ರಿಗೆ ಜೋಡಿ ರೆಕ್ಕೆ ಇಲ್ಲವೇ ಇಲ್ಲ. ದವಡೆಗೂ ಮುಂಚೆ ಬಂದ ಆ ಜೋಡಿ ರೆಕ್ಕೆಯೇ ಮುಂದೆ ನಮ್ಮ ಕೈಯಾಯಿತು. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದು.

ಇನ್ನೂ ಹಿಂದೆ ಹೋದರೆ ಚೀನಾದ ಯುನ್ನಾನ್‌ನ ಚೆಂಗ್‌ಜಿಯಾಂಗ್. 1999ರಲ್ಲಿ ಅಲ್ಲಿಂದ ಹೈಕೊಯಿಕ್ತಿಸ್ ಅನ್ನುವ ಪುಟ್ಟ ಪ್ರಾಣಿಯನ್ನು ವಿವರಿಸಿದರು. ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ, ನಮ್ಮ ಕಿರುಬೆರಳಿನ ಅರ್ಧ. ವಯಸ್ಸು ಸುಮಾರು 51.8 ಕೋಟಿ ವರ್ಷ. ತಲೆ ಇದೆ, ಕಿವಿರು ಇದೆ, ದವಡೆ ಇಲ್ಲ.

ನಾನೇ ಕೈಯಾರೆ ಕೆಲಸ ಮಾಡಿದ್ದು ಕೊನೊಡಾಂಟ್ ಮೇಲೆ. ಸುಣ್ಣದಕಲ್ಲನ್ನು ಚೂರು ಮಾಡಿ, ವಿನೆಗರ್‌ನಲ್ಲಿ ಇರುವಂಥ ಆಮ್ಲದ ಬಕೆಟ್ಟಿನಲ್ಲಿ ವಾರಗಟ್ಟಲೆ ನೆನೆಹಾಕಬೇಕು. ಕಲ್ಲು ಕರಗಿ ತಳದಲ್ಲಿ ಕೆಸರು ಉಳಿಯುತ್ತದೆ. ಅದನ್ನು ಜರಡಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಬೇಕು. ಸಾಸಿವೆಗಿಂತ ಚಿಕ್ಕ ಬಾಚಣಿಗೆಗಳು. ಸುಟ್ಟ ಸಕ್ಕರೆಯ ಬಣ್ಣ. ಕಲ್ಲು ಭೂಮಿಯೊಳಗೆ ಜಾಸ್ತಿ ಬಿಸಿ ಕಂಡಿದ್ದರೆ ಕಪ್ಪಗಾಗಿರುತ್ತವೆ. 1856ರಿಂದ ಇವು ಗೊತ್ತಿದ್ದವು, ಯಾವ ಪ್ರಾಣಿಯವು ಅಂತ ಮಾತ್ರ ತಿಳಿದಿರಲಿಲ್ಲ. 1983ರಲ್ಲಿ ಸ್ಕಾಟ್ಲೆಂಡಿನ ಗ್ರಾಂಟನ್ ಕಲ್ಲಿನಲ್ಲಿ ಇಡೀ ಪ್ರಾಣಿಯ ಅಚ್ಚು ವಿವರಿಸಿದಾಗ ಗೊತ್ತಾಯಿತು: ಹಾವುಮೀನಿನಂಥ, ದೊಡ್ಡ ಕಣ್ಣಿನ, ದವಡೆಯಿಲ್ಲದ ಪ್ರಾಣಿಯ ಬಾಯಿಯ ಭಾಗಗಳು. ಹಿಮಾಚಲದ ಸ್ಪಿತಿಯ ಕಲ್ಲುಗಳಲ್ಲೂ ಇವು ಸಿಗುತ್ತವೆ. ನಮ್ಮ ದೇಶದಲ್ಲಿ ದವಡೆಯಿಲ್ಲದವರ ಗುರುತು ಬೇಕಿದ್ದರೆ ಅಲ್ಲಿ ಹುಡುಕಬೇಕು.

ಮತ್ತೊಮ್ಮೆ ನೀಟ್

ಮನೆತನದ ಲೆಕ್ಕ ಚೆನ್ನಾಗಿ ಅರ್ಥವಾಯಿತು ಅಕ್ಕ. ಆದರೆ ಹ್ಯಾಗ್‌ಫಿಶ್ ಲ್ಯಾಂಪ್ರಿಗಿಂತಲೂ ಹಿಂದಿನದು, ಅದಕ್ಕೆ ಬೆನ್ನುಮೂಳೆಯ ಮಣಿಗಳೇ ಇಲ್ಲ ಅಂತ ಹೇಳುತ್ತಾರಲ್ಲ?

ಕಲ್ಲು ಹುಡುಕುವವಳು

ಹಾಗೆ ಬಹಳ ಜನ ನಂಬಿದ್ದರು. ಲಿನೇಯಸ್ 1758ರಲ್ಲಿ ಅದನ್ನು ಹುಳುಗಳ ಪಟ್ಟಿಗೇ ಸೇರಿಸಿದ್ದರು. ಮೈಕಟ್ಟು ನೋಡಿದವರು ಹ್ಯಾಗ್‌ಫಿಶ್ ಹೊರಗಿನದು ಅಂದರು. ವಂಶವಾಹಿ ನೋಡಿದವರು ಎರಡೂ ಅಕ್ಕತಂಗಿ ಅಂದರು. 2010ರಲ್ಲಿ ವಂಶವಾಹಿಗಳನ್ನು ಹತೋಟಿಯಲ್ಲಿಡುವ ಮೈಕ್ರೊಆರ್‌ಎನ್‌ಎ ಅನ್ನುವ ಪುಟ್ಟ ಅಣುಗಳನ್ನು ಹೋಲಿಸಿ ನೋಡಿದಾಗಲೂ ಅಕ್ಕತಂಗಿ ಅಂತಲೇ ಬಂತು. 2011ರಲ್ಲಿ ಜಪಾನಿನವರು ಹ್ಯಾಗ್‌ಫಿಶ್‌ನ ಬಾಲದ ಕಡೆ ಬೆನ್ನುಮಣಿಯ ಪುಟ್ಟ ಕುರುಹುಗಳನ್ನು ತೋರಿಸಿದರು. ಅಂದರೆ ಅದಕ್ಕೆ ಮೊದಲಿಂದ ಇಲ್ಲದಿದ್ದದ್ದಲ್ಲ, ಇದ್ದದ್ದು ಸವೆದದ್ದು. ಹಾಗಾಗಿ ದ್ಯುಮೆರಿಲ್‌ನ ಹಳೆಯ ದುಂಡುಬಾಯಿ ಗುಂಪು ವಂಶಾವಳಿಯಾಗಿಯೂ ನಿಂತುಬಿಟ್ಟಿತು. ಅಗ್ನಾಥ ನಿಲ್ಲಲಿಲ್ಲ.

ನರವಿಜ್ಞಾನ ಲ್ಯಾಬ್

ಈ ಚರ್ಚೆಯಲ್ಲಿ "ಆದಿಕಾಲದ" ಅನ್ನುವ ಪದ ಮತ್ತೆ ಮತ್ತೆ ಬಂದಿದೆ. ಅದರ ಬಗ್ಗೆ ಸ್ವಲ್ಪ. ಲ್ಯಾಂಪ್ರಿಯ ಬೆನ್ನುಹುರಿಯನ್ನು ಪೂರ್ತಿ ಕತ್ತರಿಸಿದರೂ ಎರಡು ಮೂರು ತಿಂಗಳಲ್ಲಿ ಅದು ಮತ್ತೆ ಈಜುತ್ತದೆ. ನಮಗೆ ಆಗದ್ದು ಅದಕ್ಕೆ ಆಗುತ್ತದೆ. ಅದರ ನರಕೋಶಗಳು ದೊಡ್ಡವು, ನೋಡಲು ಸುಲಭ. ಸಿಗ್ಮಂಡ್ ಫ್ರಾಯ್ಡ್ ಮನಸ್ಸಿನ ಕಡೆ ಹೊರಳುವ ಮುಂಚೆ, 1870ರ ದಶಕದ ಕೊನೆಯಲ್ಲಿ, ವಿಯೆನ್ನಾದಲ್ಲಿ ಕೂತು ಲ್ಯಾಂಪ್ರಿಯ ಬೆನ್ನುಹುರಿಯನ್ನೇ ಅಧ್ಯಯನ ಮಾಡಿದ್ದರು. ರೋಗ ತಡೆಯಲು ನಮ್ಮಲ್ಲಿರುವ ಆ್ಯಂಟಿಬಾಡಿ ಅದರಲ್ಲಿ ಇಲ್ಲ. ಅದೇ ಕೆಲಸಕ್ಕೆ ಅದು ಬೇರೆಯೇ ಪ್ರೋಟೀನ್ ಕಟ್ಟಿಕೊಂಡಿದೆ, ಅದು ಗೊತ್ತಾಗಿದ್ದು 2004ರಲ್ಲಿ. ನಮ್ಮ ವಂಶ ಬದಲಾದಷ್ಟೇ ಕಾಲ ಅದರ ವಂಶವೂ ಬದಲಾಗಿದೆ. ಅದು ನಮ್ಮ ಅಜ್ಜಿಯಲ್ಲ. ದೂರದ ದೊಡ್ಡಮ್ಮನ ಮಗಳು.

ಝೂಆಲಜಿ ಮೇಷ್ಟ್ರು

ತುಂಬ ಒಳ್ಳೆಯ ಮಾತು. ದವಡೆ ಎಲ್ಲಿಂದ ಬಂತು ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಭ್ರೂಣದ ಕುತ್ತಿಗೆಯ ಹತ್ತಿರ ಸಾಲಾಗಿ ಕಮಾನುಗಳು ಮೂಡುತ್ತವೆ. ಲ್ಯಾಂಪ್ರಿಯಲ್ಲಿ ಮೊದಲನೇ ಕಮಾನಿನಿಂದ ತುಟಿಯ ಭಾಗ ಮತ್ತು ಮರಿಯ ಬಾಯೊಳಗೆ ನೀರು ತಳ್ಳುವ ಪಂಪು ಆಗುತ್ತದೆ. ನಮ್ಮಲ್ಲಿ ಅದೇ ಮೊದಲ ಕಮಾನಿನಿಂದ ದವಡೆ ಆಗುತ್ತದೆ, ಜೊತೆಗೆ ಕಿವಿಯೊಳಗಿನ ಎರಡು ಪುಟ್ಟ ಮೂಳೆಗಳೂ. 2022ರಲ್ಲಿ ಚೀನಾದ ಚೊಂಗ್‌ಚಿಂಗ್‌ನಿಂದ 43.6 ಕೋಟಿ ವರ್ಷ ಹಳೆಯ, ದವಡೆ ಇರುವ ಇಡೀ ಮೀನುಗಳ ಪಳೆಯುಳಿಕೆ ಬಂದಿದೆ. ಅವೂ ಬೆರಳುದ್ದದವೇ.

ದಾವಣಗೆರೆ ಅಮ್ಮ, ಒಂದು ಕೆಲಸ ಮಾಡಿ. ಮಗಳ ಕಾಲೇಜಿನ ಲ್ಯಾಬಿನಲ್ಲಿ, ಇಲ್ಲವೇ ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಈ ಎರಡರ ಜಾರ್ ಇದ್ದೇ ಇರುತ್ತದೆ. ಯಾವುದೋ ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಕೇಳಿಕೊಂಡು ತೆಗೆಸಿ, ಎರಡರ ಕಿವಿರಿನ ತೂತುಗಳನ್ನು ಎಣಿಸಿಕೊಂಡು ಬರಲಿ. ಏನೂ ಹೇಳಿಕೊಡಬೇಡಿ.

ದಾವಣಗೆರೆ ಅಮ್ಮ

ಒಂದು ವಾರ ಆಯಿತು. ನಿನ್ನೆ ಹೋಗಿ ಬಂದಳು. ಲ್ಯಾಬ್ ಅಟೆಂಡರ್ ಅಣ್ಣ ಸ್ಟೂಲ್ ಹಾಕಿಕೊಂಡು ಮೇಲಿನ ಕಪಾಟಿನಿಂದ ಎರಡೂ ಜಾರ್ ಇಳಿಸಿಕೊಟ್ಟರಂತೆ. ಚೀಟಿಯ ಅಕ್ಷರ ಮಾಸಿಹೋಗಿತ್ತಂತೆ. ಪೆಟ್ರೊಮೈಜಾನ್‌ದು ಎಣಿಸಿದಳು, ಒಂದು ಪಕ್ಕಕ್ಕೆ ಏಳು. ಮಿಶಿಗನ್ ಅಕ್ಕ ಹೇಳಿದ ಹಾಗೆ.

ಮಿಕ್ಸಿನ್ ಜಾರ್‌ನಲ್ಲಿ ಗೊಂದಲ ಆಯಿತಂತೆ. ಮೈಯ ಉದ್ದಕ್ಕೂ ಸಣ್ಣ ಸಣ್ಣ ತೂತಿನ ಸಾಲು. ಕಿವಿರು ಅಂದುಕೊಂಡು ಎಣಿಸುತ್ತಾ ಹೋದಳು, ಅದು ಮುಗಿಯಲೇ ಇಲ್ಲ. ಪುಸ್ತಕದಲ್ಲಿ 6ರಿಂದ 15 ಜೊತೆ ಅಂತ ಇದೆ. ಆಮೇಲೆ ಹೊಟ್ಟೆಯ ಕಡೆ ತಿರುಗಿಸಿ ನೋಡಿದಾಗ ಒಂದೊಂದು ಪಕ್ಕಕ್ಕೆ ಒಂದೇ ಒಂದು ದೊಡ್ಡ ತೂತು ಕಂಡಿತಂತೆ. ಜಾರಿನದ್ದು ಹಾಳಾಗಿರಬೇಕು ಅಂತ ಬೇಜಾರಾಗಿ ಬಂದಿದ್ದಾಳೆ.

ಝೂಆಲಜಿ ಮೇಷ್ಟ್ರು

ಹಾಳಾಗಿಲ್ಲ ಅಮ್ಮ. ಅವಳು ಸರಿಯಾಗಿಯೇ ನೋಡಿದ್ದಾಳೆ. ಮುಗಿಯದ ಆ ಸಾಲು ಲೋಳೆ ಬರುವ ತೂತುಗಳು. ಕಿವಿರಿನ ಚೀಲಗಳು ಒಳಗೆ ಸುಮಾರು ಆರು ಜೊತೆ ಇವೆ, ಆದರೆ ಮಿಕ್ಸಿನ್‌ನಲ್ಲಿ ಆ ಪಕ್ಕದ ಚೀಲಗಳೆಲ್ಲ ಒಂದೇ ಕೊಳವೆಗೆ ಸೇರಿ ಒಂದೇ ಬಾಗಿಲಿನಿಂದ ಹೊರಗೆ ಬರುತ್ತವೆ. ಎಡಗಡೆಯ ತೂತು ಬಲಗಡೆಯದಕ್ಕಿಂತ ಸ್ವಲ್ಪ ದೊಡ್ಡದು. ಮುಂದಿನ ಸಲ ಹೋದಾಗ ಅದನ್ನೂ ನೋಡಲು ಹೇಳಿ.

ದಾವಣಗೆರೆ ಅಮ್ಮ

ಪಕ್ಕದಲ್ಲೇ ಕೂತು ಓದಿದಳು ಸರ್. ಸೋಮವಾರ ಮತ್ತೆ ಹೋಗುತ್ತಾಳಂತೆ. ಸ್ಕೇಲ್ ಬ್ಯಾಗಿಗೆ ಹಾಕಿಕೊಂಡಾಯಿತು.